ಜೋಗುಳದ ಮಾಲೀಕ

ಹುಬ್ಬಳ್ಳಿಯ ಆಡಿಯೊ ಕಂಪನಿ ಸಾಹುಕಾರ ಚನ್ನವೀರಪ್ಪನ ಮೊಮ್ಮಗಳನ್ನು ತೂಗುತ್ತ ಮನೆಯಾಳು ನೀಲವ್ವ ತಾನೇ ಕಟ್ಟಿ ಹಾಡುತ್ತಿದ್ದ ಜೋಗುಳವನ್ನು ಅವನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ. ತನ್ನ ಹೆಸರಿಗೆ ಕಾಪಿರೈಟ್ ಮಾಡಿಸಿ ಗತ್ತಿನಿಂದ ಹೇಳಿದ: "ಇನ್ನ ಮ್ಯಾಲೆ ಇದನ್ನ ಯಾರೂ ಹಾಡೂಹಂಗಿಲ್ಲ."

"ಆತ್ರಿ," ಎಂದಳು ನೀಲವ್ವ.

ಮಧ್ಯಾಹ್ನ ಕೂಸು ಚೀರತೊಡಗಿತು. ನೀಲವ್ವ ಹಾಡದೆ ಬರೀ ತೊಟ್ಟಿಲು ತೂಗಿದಳು.

"ಹಾಡವಾ, ನಾನ ಹೇಳಾಕತ್ತೀನಿ," ಎಂದ ಚನ್ನವೀರಪ್ಪ.

"ಬ್ಯಾರೆದವರ ಹಾಡು ನನ್ನ ಬಾಯಾಗ ಬರೂದಿಲ್ರಿ. ನೀವ ಕಟ್ಟೀರಿ, ನೀವ ಹಾಡ್ರಿ."

ಚನ್ನವೀರಪ್ಪ ಹಾಡಿದ. ಕೂಸು ಕಿರುಚಿತು, ಬೀದಿ ನಾಯಿಗಳು ದನಿಗೂಡಿಸಿದವು, ಓಣಿಯವರೆಲ್ಲ ಬಾಗಿಲಿಗೆ ಬಂದರು.

"ಹಾಡು ನಿಂದ ಐತಿ, ನೀಲವ್ವ," ಎಂದ ಸೋತು.

"ಅವರಿಗೂ ಕೇಳೂಹಂಗ ಹೇಳ್ರಿ."

ಹೇಳಿದ. ಕಾಪಿರೈಟ್ ನಿನ್ನ ಹೆಸರಿಗೇ ಮಾಡಿಸ್ತೀನಿ ಎಂದೂ ಹೇಳಿದ.

ಆಗ ನೀಲವ್ವ ಹಾಡಿದಳು. ಗೋಡೆಯ ಮೇಲಿನ ಬೇವಿನ ನೆರಳು ತೊಟ್ಟಿಲಿನ ಜೊತೆ ತೂಗಿತು. ನಾಯಿಗಳು ಮುದುಡಿ ಮಲಗಿದವು. ಬಾಗಿಲಲ್ಲಿ ನಿಂತವರ ಕಣ್ಣುಗಳೂ ಭಾರವಾದವು. ಎಲ್ಲರಿಗಿಂತ ಮೊದಲು ನಿದ್ದೆಹೋದವನು ಚನ್ನವೀರಪ್ಪ. ಅವನ ಗೊರಕೆ ಕೇಳಿ ಕೂಸು ಕಣ್ಣರಳಿಸಿ ನಕ್ಕಿತು.

ನೀಲವ್ವ ಅವನಿಗೊಂದು ಚಾದರ ಹೊದಿಸಿ, ಗೊರಕೆ ಆಲಿಸುತ್ತ ಮೆಲ್ಲಗೆ ಅಂದಳು:

"ಇದಕ್ಕ ಬೇಕಾದ್ರ ಕಾಪಿರೈಟ್ ಮಾಡಿಸ್ರಿ ಸಾವಕಾರ್ರ. ಇದು ನಿಮ್ಮ ಸ್ವಂತದ್ದು."