ಹಸಿರುತಲೆಯ ಬಾತು ಹಂಚಿದ ಹೆಸರು

ಲೋಕ ಆಗಷ್ಟೇ ಆಗಿತ್ತು. ನದಿಗಳು ತಮ್ಮ ದಾರಿಯನ್ನು ಇನ್ನೂ ಹುಡುಕುತ್ತಿದ್ದವು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಇದ್ದವುಗಳು ಬಹಳ, ಹೆಸರುಗಳು ಕಡಮೆ.

ಆ ಕಾಲದಲ್ಲಿ ಪ್ರತಿ ಸಂಜೆಯೂ ಕೆರೆಯಿಂದ ಮಂಜು ಏಳುತ್ತಿತ್ತು. ಅದು ಇಂದಿನ ಮಂಜಿನಂತಲ್ಲ, ಮಗು. ಯಾರನ್ನು ಯಾರೂ ಕರೆಯುವುದಿಲ್ಲವೋ ಅವರನ್ನು ಅದು ಕರಗಿಸಿಬಿಡುತ್ತಿತ್ತು. ಬೆಳಗಾದಾಗ ಅವರಿದ್ದ ಜಾಗದಲ್ಲಿ ಸ್ವಲ್ಪ ತೇವ ಉಳಿದಿರುತ್ತಿತ್ತು, ಅಷ್ಟೇ. ಆದ್ದರಿಂದ ಹೊತ್ತು ಇಳಿಯುವ ಮೊದಲೇ ಎಲ್ಲರೂ ತಮ್ಮವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕರೆದರೆ ‘ಓ’ ಎನ್ನಬೇಕು. ‘ಓ’ ಎಂದವರು ಕರೆದವರ ಬಳಿಗೆ ಬರಬೇಕು. ಬಂದವರು ಉಳಿಯುತ್ತಿದ್ದರು.

ಆ ಕೆರೆಯಲ್ಲಿ ಒಬ್ಬ ಗಂಡುಬಾತು ಇದ್ದನು. ಅವನ ತಲೆ ಹೊಳೆಯುವ ಹಸಿರು, ಕೊರಳಿಗೆ ಬಿಳಿಯ ಪಟ್ಟಿ, ದನಿ ಕಂಚಿನ ಗಂಟೆಯಂತೆ. ಅವನಿಗೊಂದು ಹೆಸರಿತ್ತು. ಅಷ್ಟು ಚೆಂದದ ಹೆಸರು ಕೆರೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅವನ ಹೆಂಡತಿ ಜೊಂಡಿನ ನಡುವೆ ಗೂಡು ಕಟ್ಟಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಸಂಜೆ ಅವಳು ಕರೆದರೆ ಅವನು ಬೇಕೆಂದೇ ತಡಮಾಡಿ, ಇನ್ನೊಮ್ಮೆ ಕರೆಸಿಕೊಂಡು, ಆಮೇಲೆ ‘ಓ’ ಎನ್ನುತ್ತಿದ್ದನು.

“ಕಿವಿ ಕೇಳಿಸುವುದಿಲ್ಲವೆ ನಿನಗೆ?”

“ಕೇಳಿಸಿತು. ಚೆನ್ನಾಗಿತ್ತು. ಇನ್ನೊಮ್ಮೆ ಕೇಳೋಣವೆನಿಸಿತು.”

ಒಂದು ದಿನ ದಡದ ಕಲ್ಲು ಅವನನ್ನು ಮಾತನಾಡಿಸಿತು. “ಅಣ್ಣಾ, ನನ್ನನ್ನು ಕರೆಯುವವರಿಲ್ಲ. ನೋಡು, ಒಂದು ಮಗ್ಗುಲು ಆಗಲೇ ಕರಗಿದೆ. ನಿನ್ನ ಹೆಸರನ್ನು ನನಗೂ ಕೊಡು. ನಿನ್ನನ್ನು ಕರೆದಾಗ ನಾನೂ ಓಗೊಟ್ಟು ಬದುಕಿಕೊಳ್ಳುತ್ತೇನೆ.”

ತನ್ನ ಹೆಸರನ್ನು ಬೇಡಿಕೊಂಡು ಬಂದಿದ್ದಾರೆಂದು ಬಾತಿಗೆ ಹೆಮ್ಮೆಯಾಯಿತು. “ತೆಗೆದುಕೋ,” ಎಂದನು.

ಗಾಳಿ ಅದನ್ನು ಕೇಳಿಸಿಕೊಂಡಿತು. “ನನಗೂ,” ಎಂದಿತು. ಗಾಳಿಗೂ ಕೊಟ್ಟನು.

ಕೆರೆಯ ಏರಿಯ ಮೇಲೆ ದ್ಯಾವಜ್ಜಿ ಎಂಬ ಮುದುಕಿಯಿದ್ದಳು. ಬಿದಿರು ಹೆಣೆದು, ತೊಗಲು ಹೊದಿಸಿ, ಲೋಕದ ಮೊದಲ ಹರಿಗೋಲನ್ನು ಮಾಡಿದವಳು ಅವಳೇ.

“ಏನೋ ಬಾತಣ್ಣ, ಹೆಸರು ಹಂಚ್ತಿದ್ದೀಯಂತೆ?”

“ನಿನಗೂ ಬೇಕೆ, ಅಜ್ಜಿ?”

“ನನಗ್ಯಾಕೋ? ಮನೆ ತುಂಬ ಸೊಸೆಯಂದಿರು. ನಿಮಿಷಕ್ಕೊಂದು ಸಲ ಕರೀತಾರೆ, ಕರಗೋಕೂ ಬಿಡಲ್ಲ. ಈ ಹರಿಗೋಲಿಗೆ ಕೊಡು. ಕಟ್ಟಿಹಾಕಿದರೂ ಮಂಜಲ್ಲಿ ತೆಳ್ಳಗಾಗ್ತಿದೆ.”

“ಒಯ್ಯು.”

“ಕೇಳಿದ ಕೂಡಲೇ ಕೊಟ್ಟುಬಿಟ್ಟೆಯಲ್ಲೋ! ಬುದ್ಧಿ ಇರಬೇಕಾದ ಕಡೆ ಬಣ್ಣ ಇಟ್ಟುಕೊಂಡಿದ್ದೀಯ,” ಎಂದು ಅಜ್ಜಿ ನಕ್ಕಳು.

ಕೊಟ್ಟಾಗಲೆಲ್ಲ ಅವನ ದನಿ ಕೊಂಚ ಒಡೆಯುತ್ತಿತ್ತು. ಚಳಿಗೆ ಹೀಗಾಗಿದೆ ಎಂದುಕೊಂಡನು.

ಅದೇ ದಿನ ಮಧ್ಯಾಹ್ನ ಎಲ್ಲವೂ ಸ್ತಬ್ಧವಾಗಿತ್ತು. ಬಾತು ಕೆರೆಯ ನಡುವೆ ಈಜುತ್ತಿದ್ದನು. ನೀರಿನಲ್ಲಿ ಅವನ ನೆರಳು ಇರಬೇಕಾದ ಜಾಗದಿಂದ ಒಂದು ದನಿ ಬಂದಿತು.

“ನನಗೂ.”

“ಯಾರು ನೀನು?”

“ಹೆಸರಿದ್ದರೆ ಹೇಳುತ್ತಿದ್ದೆ.”

“ಮುಖವನ್ನಾದರೂ ತೋರಿಸು.”

“ಹೆಸರು ಬಂದ ಮೇಲೆ ಮುಖವೂ ಬರುತ್ತದೆ.”

ಅವನ ಪಾದಗಳಿಗೆ ತಣ್ಣಗೆ ಏನೋ ತಾಕಿತು. ಇಲ್ಲವೆನ್ನಲು ಅವನಿಗೆ ಭಯ. ಭಯವಾಗಿದೆ ಎನ್ನಲು ನಾಚಿಕೆ. “ತೆಗೆದುಕೋ,” ಎಂದನು. ಕೆರೆ ಒಮ್ಮೆ ಗುಟುಕರಿಸಿದಂತೆ ಸದ್ದಾಯಿತು.

ಆ ಸಂಜೆ ಮಂಜು ಬೇಗನೆ ಎದ್ದಿತು. ಹೆಣ್ಣುಬಾತು ಕೊರಳೆತ್ತಿ ಗಂಡನ ಹೆಸರು ಹಿಡಿದು ಕರೆದಳು.

“ಓ,” ಎಂದಿತು ಕಲ್ಲು. ದಡದಲ್ಲಿದ್ದ ಕಲ್ಲು ಗೂಡಿನ ಪಕ್ಕಕ್ಕೆ ಬಂದಿತ್ತು.

ಅವಳು ಮತ್ತೆ ಕರೆದಳು. “ಓ,” ಎಂದಿತು ಗಾಳಿ. ಜೊಂಡೆಲ್ಲ ಅವಳ ಕಡೆಗೆ ಬಾಗಿತು.

ಮತ್ತೆ ಕರೆದಳು. “ಓ,” ಎಂದಿತು ಹರಿಗೋಲು. ಅದು ಮಂಜಿನಿಂದ ಮೆಲ್ಲಗೆ ತಿರುಗುತ್ತ ಬಂದಿತು. ಅದರೊಳಗೆ ಯಾರೂ ಇರಲಿಲ್ಲ.

ಅವಳು ಇದ್ದ ಬಲವನ್ನೆಲ್ಲ ಕೂಡಿಸಿ ಕರೆದಳು.

“ಓ, ಬಂದೆ,” ಎಂದಿತು ಕಂಚಿನ ಗಂಟೆಯಂಥ ದನಿ.

ಮಂಜಿನೊಳಗಿಂದ ಹಸಿರು ತಲೆ ಕಾಣಿಸಿತು, ಬಿಳಿಯ ಪಟ್ಟಿ ಕಾಣಿಸಿತು. ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ನೋಡಿದಳು: ಅದು ಬಂದ ದಾರಿಯಲ್ಲಿ ನೀರು ಅಲುಗಿರಲಿಲ್ಲ.

“ಏಳು,” ಎಂದಿತು ಅದು. “ದಣಿದಿದ್ದೀಯ. ಮೊಟ್ಟೆಗಳ ಮೇಲೆ ನಾನು ಕೂರುತ್ತೇನೆ.”

ಅವಳು ಏಳಲಿಲ್ಲ. “ನನ್ನ ಗಂಡ ಈ ಗೂಡಿಗೆ ಒಂದು ಕಡ್ಡಿಯನ್ನೂ ತಂದವನಲ್ಲ. ಕಾವು ಕೂರು ಎಂದರೆ ಗರಿ ಮುದುಡುತ್ತದೆ ಎನ್ನುವವನು. ನೀನು ಯಾರು?”

“ನೀನು ಯಾರನ್ನು ಕರೆದೆಯೋ ಅವನು. ಇನ್ನೊಮ್ಮೆ ಕರೆ. ಇನ್ನೂ ಹತ್ತಿರ ಬರುತ್ತೇನೆ.”

ಆಚೆಯ ದಡದ ಜೊಂಡಿನಲ್ಲಿ ಅವಳ ಗಂಡ ಇದೆಲ್ಲವನ್ನೂ ಕೇಳುತ್ತಿದ್ದನು. ಅವಳು ಕರೆದಾಗಲೆಲ್ಲ ಅವನು ಕೊಕ್ಕು ತೆರೆದಿದ್ದನು. ಆದರೆ ಅವನ ‘ಓ’ ಅನ್ನು ಪ್ರತಿ ಸಲವೂ ಬೇರೆ ಯಾರೋ ಅಂದು ಮುಗಿಸಿರುತ್ತಿದ್ದರು. ಗಂಟಲಿನಲ್ಲಿ ಒಣ ಉಸಿರೊಂದೇ ಉಳಿದಿತ್ತು. ಓಗೊಡದೆ ಅವನು ಅವಳ ಬಳಿಗೆ ಹೋಗುವಂತಿರಲಿಲ್ಲ. ಮಂಜು ಅವನ ತಲೆಯನ್ನು ನೆಕ್ಕುತ್ತಿತ್ತು. ಹಸಿರು ಕರಗಿತು. ಬಿಳಿಯ ಪಟ್ಟಿ ಕರಗಿತು. ಇನ್ನು ಸ್ವಲ್ಪ ಹೊತ್ತಿಗೆ ಅವನೂ ಕರಗಲಿದ್ದನು.

ಹೆಣ್ಣುಬಾತು ಯೋಚಿಸಿದಳು. ಹೆಸರು ಹಿಡಿದು ಕರೆದರೆ ಇದು ಬರುತ್ತದೆ. ಕರೆಯದಿದ್ದರೆ ಅವನು ಉಳಿಯುವುದಿಲ್ಲ.

ಅವಳು ತನ್ನ ಎದೆಯ ಮೆತ್ತನೆಯ ತುಪ್ಪುಳನ್ನು ಕಿತ್ತು ಮೊಟ್ಟೆಗಳ ಮೇಲೆ ಹರಡಿದಳು. ಒಂದೂ ಹೊರಗೆ ಕಾಣದಂತೆ ಮುಚ್ಚಿದಳು. ಎದ್ದು ನಿಂತು, ಕೊರಳು ಚಾಚಿ, ಹೆಸರನ್ನು ಬಿಟ್ಟು ಕೂಗಿದಳು. ಅದು ಮಾತಲ್ಲ. ಹೆಸರುಗಳು ಹುಟ್ಟುವುದಕ್ಕೆ ಮೊದಲು ಒಂದು ಜೀವ ಇನ್ನೊಂದನ್ನು ಹುಡುಕಿದ ಸದ್ದು. ಜೋರಾಗಿ ಎದ್ದು, ಮೆಟ್ಟಿಲಿಳಿದಂತೆ ತಗ್ಗುತ್ತ ಹೋಯಿತು.

ಕಲ್ಲು ಸುಮ್ಮನಿತ್ತು. ಗಾಳಿ ಸುಮ್ಮನಿತ್ತು. ಹರಿಗೋಲು ತಿರುಗುವುದನ್ನು ನಿಲ್ಲಿಸಿತು.

“ಹೆಸರು ಹೇಳು,” ಎಂದಿತು ನೀರಿನಿಂದ ಬಂದದ್ದು. ಅವಳು ಮತ್ತೆ ಕೂಗಿದಳು. “ಹೆಸರು ಹೇಳಿ ಕರೆ!” ಅದರ ಮುಖದ ಹಸಿರು ಪಾಚಿಯಂತೆ ಸಡಿಲವಾಗುತ್ತಿತ್ತು. ಅವಳು ಮತ್ತೆ ಕೂಗಿದಳು.

ಆಚೆಯ ದಡದಿಂದ ಒಂದು ಒರಟು ದನಿ ಬಂದಿತು. ಒಣ ಎಲೆಯನ್ನು ನೆಲದ ಮೇಲೆ ಎಳೆದಷ್ಟು ಸಣ್ಣದು. ಅಷ್ಟು ಅಂದಗೆಟ್ಟ ದನಿಯನ್ನು ಆ ಕೆರೆಯಲ್ಲಿ ಯಾರೂ ಬೇಡಿರಲಿಲ್ಲ. ಆದ್ದರಿಂದ ಅದು ಅವನದೇ.

ಅವಳು ಆ ದನಿಯ ಕಡೆಗೆ ಈಜಿದಳು. ಕೂಗುತ್ತ ಈಜಿದಳು. ಜೊಂಡಿನಲ್ಲಿ ಮಣ್ಣಿನ ಬಣ್ಣದ ಬಾತೊಂದು ಮುದುಡಿ ಕುಳಿತಿತ್ತು.

“ನಾನೇ,” ಎಂದನು ಅವನು.

“ಗೊತ್ತು. ಮಾತು ಸಾಕು, ಈಜು.”

ಅವರು ಮರಳಿದಾಗ ಗೂಡಿನ ಮುಂದೆ ಯಾರೂ ಇರಲಿಲ್ಲ. ಅವಳು ತುಪ್ಪುಳನ್ನು ಸರಿಸಿ ನೋಡಿದಳು. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಗೂಡಿನ ಅಂಚು ಮಾತ್ರ ಸುತ್ತಲೂ ಒದ್ದೆಯಾಗಿತ್ತು.

ಬಣ್ಣ ಕೆಲವು ತಿಂಗಳಲ್ಲಿ ಅವನಿಗೆ ಮರಳಿತು. ಆದರೆ ವರ್ಷಕ್ಕೊಮ್ಮೆ ಕಳೆದುಹೋಗಿ ಬರುತ್ತದೆ. ದನಿ ಮರಳಲಿಲ್ಲ. ಹೆಸರೂ ಅವನೊಬ್ಬನದಾಗಿ ಮರಳಲಿಲ್ಲ, ಕೊಟ್ಟ ಹೆಸರನ್ನು ಹಿಂದಕ್ಕೆ ಕೇಳುವಂತಿಲ್ಲ. ಅದು ಕೈಯಿಂದ ಕೈಗೆ ದಾಟುತ್ತ ದೂರದೂರ ಹೋಯಿತು. ಮಲ್ಲಾರ್ಡ್ ಎಂಬುದೇ ಆ ಹೆಸರು; ಆ ಜಾತಿಯ ಬಾತನ್ನು ಇಂದೂ ಇಂಗ್ಲಿಷಿನಲ್ಲಿ ಹಾಗೆಯೇ ಎನ್ನುತ್ತಾರೆ. ಅದೇ ಹೆಸರಿನ ಉಗಿಬಂಡಿಯೊಂದು ಹಳಿಯ ಮೇಲೆ ಓಡಿದೆ, ಹಡಗುಗಳು ತೇಲಿವೆ. ಆ ಹೆಸರಿನ ಊರಿದೆ, ಮನೆತನಗಳಿವೆ. ಅವುಗಳನ್ನೆಲ್ಲ ಯಾರಾದರೂ ಕರೆಯುತ್ತಾರೆ. ನೀರಿನಡಿಯಲ್ಲಿ ಆ ಹೆಸರನ್ನು ಇಟ್ಟುಕೊಂಡು ಕಾಯುತ್ತಿರುವುದನ್ನು ಮಾತ್ರ ಯಾರೂ ಕರೆಯುವುದಿಲ್ಲ.

ಅದಕ್ಕೇ, ಮಗು, ಮಂಜು ಕವಿದ ಕೆರೆಯಲ್ಲಿ ಆ ಹೆಣ್ಣುಬಾತು ಇಂದಿಗೂ ಯಾವ ಹೆಸರನ್ನೂ ಹಿಡಿಯದೆ ಜೋರಾಗಿ ಎತ್ತಿ ತಗ್ಗಿಸಿ ಮತ್ತೆ ಮತ್ತೆ ಕೂಗುತ್ತದೆ, ಮತ್ತು ತಲೆ ಎಷ್ಟು ಹೊಳೆದರೂ ಗಂಡುಬಾತು ಆ ಒಂದು ಒರಟು ಪಿಸುದನಿಯಲ್ಲೇ ಓಗೊಡುತ್ತದೆ.