ಗವಿಯಪ್ಪ ವೈರು ತಂದದ್ದು

ಕೇಳ್ರಪ್ಪಾ, ಕೇಳಿ! ನಮ್ಮ ಕುಂಬಾರಬೀದೀಲಿ ಮನೆಗೊಂದೇ ಬಲ್ಬು ಉರೀತಿದ್ದ ಕಾಲದ ಮಾತು. ಅಲ್ಲಿ ಚನ್ನಾಜಮ್ಮ ಅಂತ ಒಬ್ಬಳು, ಇಡ್ಲಿ ಮಾರೋಳು. ಆಹಾ, ಆ ಇಡ್ಲಿ! ಈಗ ನೆನೆಸಿಕೊಂಡ್ರೂ ಬಾಯಲ್ಲಿ ನೀರೂರುತ್ತೆ. ಅವಳಿಗೊಬ್ಬನೇ ಮಗ, ಗವಿಯಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲ ಕೆಳಗೆ. ಹೇಳಿದ್ದು ಮಾಡ್ತಿದ್ದ. ಹೇಳಿದಷ್ಟನ್ನೇ ಮಾಡ್ತಿದ್ದ.

"ಇವನನ್ನ ಹೆತ್ತು ಏನು ಸುಖ ಕಂಡೆನಪ್ಪಾ!" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳೋಳು. ಒರಳಲ್ಲಿ ರುಬ್ಬಿ ರುಬ್ಬಿ ಅವಳ ಬಲಭುಜ ಬಿದ್ದುಹೋಗಿತ್ತು. ಕೈ ಎತ್ತಿದ್ರೆ ಪ್ರಾಣ ಹೋಗೋದು. ರುಬ್ಬಿ ಬಿಸಿಯಾದ ಆ ಭುಜಕ್ಕೆ ಗವಿಯಪ್ಪ ದಿನಾ ಹರಳೆಣ್ಣೆ ತಿಕ್ಕೋನು. ಅದೊಂದು ಕೆಲಸ ಮಾತ್ರ ಅವನು ಯಾವತ್ತೂ ಕೆಡಿಸಿದ್ದಿಲ್ಲ.

ತಂಗಿ ಪಾಡು ನೋಡಲಾರದೆ ಚನ್ನಾಜಮ್ಮನ ಅಣ್ಣ ಒಂದು ಗ್ರೈಂಡರ್ ಕಳಿಸಿದ. ವೈರಿಂಗ್ ಮಾಡೋ ಬಷೀರ್ ಸಾಬರು ಬಂದು ನೋಡಿದ್ರು.

"ಅಕ್ಕಾ, ಕಂಬದಿಂದ ಬಂದಿರೋ ಈ ಸಣ್ಣ ವೈರು ಒಂದು ಬಲ್ಬಿಗೆ ಸರಿ. ಗ್ರೈಂಡರ್ ಹಾಕಿದ್ರೆ ಸುಟ್ಟುಹೋಗುತ್ತೆ. ಗವಿ, ಅಂಗಡಿಗೆ ಹೋಗು, ದಪ್ಪಗಿರೋದು ತಾ!"

ಹೋದ. ಅಂಗಡೀಲಿದ್ದದ್ದೆಲ್ಲಾ ಕೈಯಲ್ಲಿ ಹಿಡಿದು ನೋಡಿದ. ಎಲ್ಲಕ್ಕಿಂತ ದಪ್ಪಗಿದ್ದದ್ದನ್ನ ಹೆಗಲಿಗೆ ಹಾಕ್ಕೊಂಡು ಏದುಸಿರು ಬಿಡ್ತಾ ಬಂದ.

"ಅಯ್ಯೋ ಪೆದ್ದು ಮುಂಡೇದೇ!" ಅಂದಳು ಅವ್ವ. "ಇದು ಕೆಟ್ಟ ಲಾರಿ ಎಳೆಯೋ ಉಕ್ಕಿನ ಹಗ್ಗ ಕಣೋ!"

"ಇದಕ್ಕಿಂತ ದಪ್ಪಂದು ಇರ್ಲಿಲ್ಲ ಕಣವ್ವಾ!"

"ಮೇಲಿನ ದಪ್ಪ ಅಲ್ಲಯ್ಯಾ," ಅಂದ್ರು ಸಾಬರು. "ಸಿಪ್ಪೆ ಸುಲಿದು ಒಳಗಿರೋ ತಾಮ್ರ ನೋಡಬೇಕು. ಇದನ್ನ ವಾಪಸ್ ಕೊಟ್ಟು ಅಂಥಾ ವೈರು ತಾ!"

ಹೋದ. ಹೊತ್ತು ನೆತ್ತಿಗೇರಿತು, ಬರಲಿಲ್ಲ. ಹೊತ್ತು ಇಳೀತು, ಬರಲಿಲ್ಲ. ಸಂಜೆಗೆ ಬಂದ. ಹೆಗಲ ಮೇಲೆ ಥಳಥಳ ಹೊಳೆಯೋ ತಾಮ್ರ, ಬೆರಳೆಲ್ಲಾ ಗಾಯ. ಅಂಗಡಿ ಜಗಲೀಲಿ ಕೂತು ವೈರನ್ನ ಈ ತುದಿಯಿಂದ ಆ ತುದಿವರೆಗೂ ಸುಲಿದಿದ್ದ!

"ಸಾಬ್ರೇ, ಒಂದಂಗುಲ ಬಿಡದೆ ನೋಡಿದೀನಿ. ಒಳಗೆಲ್ಲಾ ತಾಮ್ರವೇ!"

"ಲೇ, ತುದೀಲಿ ನೋಡಿದ್ರೆ ಸಾಲದೇನೋ! ಕರೆಂಟು ತಂತಿ ಬರಿಮೈಲಿ ಇದ್ರೆ ಮುಟ್ಟಿದೋರು ಸಾಯ್ತಾರೆ! ಅದಕ್ಕೆ ಮೈತುಂಬಾ ಹೊದಿಕೆ ಇರಬೇಕು. ತಿಳೀತಾ?"

"ತಿಳೀತು!"

ತಿಳಿದದ್ದೇನು ಗೊತ್ತಾ? ಬೆಳಿಗ್ಗೆ ಎದ್ದು ಬೀದಿ ಕಂಬ ನೋಡಿದ. ಕಂಬದಿಂದ ಕಂಬಕ್ಕೆ ತಂತಿ, ಎಲ್ಲಾ ಬರಿಮೈ! ಅವ್ವನ ಎರಡು ಸೀರೆ ಬಗಲಿಗೆ ಸಿಕ್ಕಿಸಿಕೊಂಡು ಕಂಬ ಹತ್ತೋಕೆ ಶುರು ಮಾಡಿದ. ಸಾಬರು ಓಡಿಬಂದು ಕಾಲು ಹಿಡಿದು ಎಳೆದ್ರು.

ಚನ್ನಾಜಮ್ಮ ಮನೆಯೊಳಗಿಂದ ಬಿದ್ದೂ ಎದ್ದೂ ಬಂದಳು. ಮಗನನ್ನ ತಬ್ಬಿಕೊಂಡು ಅತ್ತಳು. "ನನ್ನ ಭುಜ ಹೋದ್ರೆ ಹೋಗ್ಲಿ. ಗ್ರೈಂಡರ್ ಬೇಡ. ನೀನಿದ್ರೆ ಸಾಕು ಕಣೋ!"

"ಇವನೂ ಇರ್ತಾನೆ, ಗ್ರೈಂಡರೂ ತಿರುಗುತ್ತೆ, ಸುಮ್ನಿರಕ್ಕಾ," ಅಂತ ಸಾಬರು ತಾವೇ ಹೋಗಿ ಸರಿಯಾದ ವೈರು ತಂದ್ರು. ಲೈನ್‌ಮನ್ ಕರೆಸಿ ಕಂಬದಿಂದ ಮೀಟರಿಗೆ ಎಳೆಸಿದ್ರು. ಗುರ್ರ್ ಅಂತ ತಿರುಗಿತು ನೋಡಿ ಗ್ರೈಂಡರು! ಬೀದಿಯೋರೆಲ್ಲಾ ಬಾಗಿಲಲ್ಲಿ ನಿಂತಿದ್ದೆವು. ರುಬ್ಬೋ ಹೊತ್ತಲ್ಲಿ ಚನ್ನಾಜಮ್ಮ ಕೈ ಕಟ್ಟಿ ಕೂತದ್ದನ್ನ ನಾನು ನೋಡಿದ್ದು ಅವತ್ತೇ ಮೊದಲು.

ಹೊರಡೋವಾಗ ಸಾಬರು ಹೇಳಿದ್ರು: "ಗವಿ, ಗ್ರೈಂಡರನ್ನ ಆಗಾಗ ಮುಟ್ಟಿ ನೋಡ್ತಿರು. ಬಿಸಿಯಾದ್ರೆ ಅದಕ್ಕೆ ಆಯಾಸ ಆಗಿದೆ ಅಂತ. ಆಫ್ ಮಾಡಿ ಸುಧಾರಿಸಿಕೊಳ್ಳೋಕೆ ಬಿಡು."

ಚನ್ನಾಜಮ್ಮ ಗೋಡೆಗೊರಗಿ ಹಾಗೇ ನಿದ್ದೆ ಹೋದಳು. ಗವಿಯಪ್ಪ ಮುಟ್ಟಿ ನೋಡಿದ. ಬಿಸಿ! ಆಫ್ ಮಾಡಿದ, ಸರಿ. ಆಮೇಲೆ?

ಮಾರನೇ ದಿನ ಬೆಳಿಗ್ಗೆ ಇಡ್ಲಿ ತಿಂದ ಬೀದಿಗೆ ಬೀದಿಯೇ ಚೊಂಬು ಹಿಡಿದು ಓಡಿತು! ನಾನು ಎಂಟು ತಿಂದಿದ್ದೆ!

ಚನ್ನಾಜಮ್ಮ ಕೋಲು ಎತ್ತಿದಳು. "ಹಿಟ್ಟಿಗೆ ಏನು ಹಾಕಿದ್ಯೋ?"

"ಹಿಟ್ಟಿಗೆ ಏನೂ ಹಾಕಿಲ್ಲ ಕಣವ್ವಾ! ಗ್ರೈಂಡರಿಗೆ ಹರಳೆಣ್ಣೆ ತಿಕ್ಕಿದೆ, ಕಲ್ಲಿಗೂ ತಿಕ್ಕಿದೆ. ಪಾಪ, ಅದೂ ನಿನ್ನ ಹಾಗೇ ರುಬ್ಬಿ ರುಬ್ಬಿ ಬಿಸಿಯಾಗಿತ್ತು!"

ಎತ್ತಿದ ಕೋಲು ಕೈಯಿಂದ ಜಾರಿತು. ಅವಳು ನಕ್ಕಳೋ ಅತ್ತಳೋ, ಚೊಂಬು ಹಿಡಿದು ಓಡ್ತಿದ್ದ ನನಗೆ ನಿಂತು ನೋಡೋಕೆ ಆಗಲಿಲ್ಲ.

ಮೂರನೇ ದಿನಕ್ಕೆ ಎಲ್ಲರೂ ಮತ್ತೆ ಅವಳ ಬಾಗಿಲಲ್ಲೇ ನಿಂತಿದ್ದೆವು. ಇವತ್ತಿಗೂ ಎಲ್ಲೇ ಇಡ್ಲಿ ಕೊಟ್ಟರೂ ನಾನು ಒಂದ್ಸಲ ಮೂಸಿಯೇ ತಿನ್ನೋದು.