ತುದಿಯ ಬುತ್ತಿ

“ಎಲ್ಲರೂ ಮುರಿದ ನಿಯಮವನ್ನು ಒಬ್ಬನೇ ಪಾಲಿಸಿದರೆ, ಗುರುಗಳೇ, ಅದು ಯಾರಿಗಾಗಿ?”

ಕೇಳಿದ ಶಿಷ್ಯನ ಹೆಗಲು ಇನ್ನೂ ಒದ್ದೆಯಾಗಿತ್ತು. ಆಶ್ರಮದ ನಿಯಮ ಇದು: ಪ್ರತಿಯೊಬ್ಬ ಶಿಷ್ಯನೂ ಬೆಳಿಗ್ಗೆ ಹೊಳೆಯಿಂದ ಒಂದು ಕೊಡ ನೀರು ಹೊತ್ತು ತಂದು ದಾರಿಬದಿಯ ಅರವಟ್ಟಿಗೆಗೆ ತುಂಬಬೇಕು, ದಾರಿಯಲ್ಲಿ ಬಂದವರು ಕುಡಿಯಬೇಕು. ಮೊದಲು ಒಬ್ಬ ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ ಬಿಟ್ಟ. ಈಗ ಹೊರುವವನು ಇವನೊಬ್ಬನೇ.

“ಬಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ,” ಎಂದ ಶಿಷ್ಯ, ಸಿಟ್ಟಿನಿಂದಲೇ. “ಮಧ್ಯಾಹ್ನ ಭಿಕ್ಷೆ ಮುಗಿಸಿಕೊಂಡು ಬರುತ್ತಾರೆ. ನಾನು ತುಂಬಿದ ನೀರನ್ನೇ ಕುಡಿಯುತ್ತಾರೆ. ಕುಡಿದು, ಬಾಯೊರೆಸಿಕೊಂಡು, ನನ್ನನ್ನೇ ನೋಡಿ ನಗುತ್ತಾರೆ. ನಾಳೆಯಿಂದ ನಾನೂ ಬಿಟ್ಟುಬಿಡಲೇ?”

ಗುರುಗಳು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕೊಡ ಕೆಳಗಿಟ್ಟು ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ನಾಲ್ವರು ಗೆಳೆಯರಿದ್ದರು. ಒಬ್ಬ ರೈತ, ಒಬ್ಬ ಕುಂಬಾರ, ಒಬ್ಬ ಅಕ್ಕಸಾಲಿಗ, ಒಬ್ಬ ವರ್ತಕ. ವರ್ಷಕ್ಕೊಂದು ದಿನ, ಸುಗ್ಗಿಯ ಕೆಲಸ ಮುಗಿದ ಮೇಲೆ, ನಾಲ್ವರೂ ನಸುಕಿನಲ್ಲಿ ಹೊರಟು ಊರಾಚೆಯ ಬೆಟ್ಟ ಹತ್ತುತ್ತಿದ್ದರು. ತುದಿಯಲ್ಲಿ ಉಂಡು, ಹರಟೆ ಹೊಡೆದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಆ ಬೆಟ್ಟದ ಮೇಲೆ ಗುಡಿಯಿರಲಿಲ್ಲ, ತೀರಿಸುವ ಹರಕೆ ಇರಲಿಲ್ಲ, ಮಾಡುವ ಕೆಲಸವೂ ಇರಲಿಲ್ಲ. ಅದಕ್ಕೇ ಹೋಗುತ್ತಿದ್ದರು.

ಜೊತೆಗೆ ಎರಡು ನಾಯಿಗಳು. ರೈತನ ನಾಯಿಯ ಹೆಸರು ದಫೇದಾರ. ಎದುರಿಗೆ ಬಂದವರನ್ನೆಲ್ಲ ತಡೆದು, ಮೂಸಿ, ವಿಚಾರಣೆ ಮಾಡಿಯೇ ಮುಂದಕ್ಕೆ ಬಿಡುತ್ತಿತ್ತು. ವರ್ತಕನ ನಾಯಿಯ ಹೆಸರು ಬೆಲ್ಲ. ಅದು ಯಾರ ವಿಚಾರಣೆಗೂ ಹೋಗುತ್ತಿರಲಿಲ್ಲ. ತಿನ್ನಲು ಏನಿದೆ ಎಂದಷ್ಟೇ ಕೇಳುತ್ತಿತ್ತು.

ಮೊದಲ ವರ್ಷ ತಮ್ಮ ತಮ್ಮ ಬುತ್ತಿಯನ್ನು ತಾವೇ ಹೊತ್ತಿದ್ದರು. ಹಸಿದವನು ಹಸಿದಲ್ಲಿ ಬಿಚ್ಚಿದ. ತುದಿ ಮುಟ್ಟುವಾಗ ಒಬ್ಬನ ಬಳಿ ಇತ್ತು, ಉಳಿದವರ ಬಳಿ ಇರಲಿಲ್ಲ. ಇದ್ದವನು ಬೆನ್ನು ತಿರುಗಿಸಿ ಕೂತು ಉಂಡ. ಇಳಿಯುವಾಗ ಯಾರೂ ಯಾರೊಡನೆಯೂ ಮಾತಾಡಲಿಲ್ಲ.

ಮರುವರ್ಷ ಹೊರಡುವ ಮೊದಲು ನಾಲ್ವರೂ ಸೇರಿ ಒಂದು ಕಟ್ಟು ಮಾಡಿಕೊಂಡರು. ತನ್ನ ಬುತ್ತಿಯನ್ನು ತಾನು ಹೊರಬಾರದು; ಇನ್ನೊಬ್ಬನ ಕೈಗೆ ಕೊಡಬೇಕು. ಹೊತ್ತವನು ದಾರಿಯಲ್ಲಿ ಬಿಚ್ಚಬಾರದು. ತುದಿಯಲ್ಲಿ, ಎಲ್ಲರೂ ಸೇರಿದ ಮೇಲೆ, ಎಲ್ಲ ಬುತ್ತಿಯನ್ನೂ ಬಿಚ್ಚಿ ಹಂಚಿಕೊಂಡು ಉಣ್ಣಬೇಕು. ಇಷ್ಟೇ ನಿಯಮ. ಎಳೆಯ ಮಗುವಿಗೂ ಅರ್ಥವಾಗುವಂಥದು.

ವರ್ತಕ ದಪ್ಪ ಆಳು. ವರ್ಷವೆಲ್ಲ ಅಂಗಡಿಯ ಗಾದಿಯ ಮೇಲೆ ಕೂತಿರುತ್ತಿದ್ದ. ಬಂದವರೆಲ್ಲ ಅವನನ್ನು ಶೆಟ್ಟರೇ, ಶೆಟ್ಟರೇ ಎಂದು ಬಗ್ಗಿ ಮಾತಾಡಿಸುತ್ತಿದ್ದರು. “ಲೋ ಶೆಟ್ಟಿ, ಉರುಳಬೇಡವೋ, ನಮ್ಮ ಮೇಲೆ ಬೀಳುತ್ತೀಯ” ಎನ್ನುವವರು ಅವನಿಗೆ ಲೋಕದಲ್ಲಿ ಮೂವರೇ ಇದ್ದರು. ಅದೂ ಆ ಒಂದು ದಿನ, ಆ ಬೆಟ್ಟದ ದಾರಿಯಲ್ಲಿ. ಆ ದಿನಕ್ಕಾಗಿ ಅವನು ವರ್ಷವೆಲ್ಲ ಕಾಯುತ್ತಿದ್ದ.

ನಾನು ಹೇಳಹೊರಟ ವರ್ಷದ ಹಿಂದಿನ ವರ್ಷ ಒಂದು ಬುತ್ತಿ ತುದಿಗೆ ಬರುವಷ್ಟರಲ್ಲಿ ಹಗುರವಾಗಿತ್ತು. ಅದನ್ನು ಹೊತ್ತಿದ್ದವನು ವರ್ತಕ. ತಿಂದದ್ದು ದಫೇದಾರ, ವರ್ತಕ ಮುಖ ತೊಳೆಯಲು ಬಗ್ಗಿದಾಗ ಗಂಟಿಗೆ ಬಾಯಿ ಹಾಕಿತ್ತು. ವರ್ತಕ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಗೆಳೆಯರು ನಾಯಿಯ ಹೊಟ್ಟೆ ನೋಡಿದರು. ಅದು ಬೆನ್ನಿಗೆ ಹತ್ತಿತ್ತು. ವರ್ತಕನ ಹೊಟ್ಟೆ ನೋಡಿದರು. ಮತ್ತೇನೂ ಕೇಳಲಿಲ್ಲ.

ಈ ವರ್ಷ ಬೆಟ್ಟದ ಬುಡದಲ್ಲಿ ಬುತ್ತಿಗಳು ಕೈ ಬದಲಾದವು. ವರ್ತಕನ ಬುತ್ತಿ ರೈತನಿಗೆ, ರೈತನದು ಕುಂಬಾರನಿಗೆ, ಕುಂಬಾರನದು ಅಕ್ಕಸಾಲಿಗನಿಗೆ. ಅಕ್ಕಸಾಲಿಗನ ಬುತ್ತಿ ವರ್ತಕನ ಪಾಲಿಗೆ ಬಂತು.

“ಬೆಕ್ಕಿಗೆ ಹಾಲಿನ ಕಾವಲು,” ಎಂದ ಕುಂಬಾರ.

“ಹೋಳಿಗೆ ಇದೆ ಕಣೋ ಶೆಟ್ಟಿ,” ಎಂದ ಅಕ್ಕಸಾಲಿಗ. “ಮನೆಯವಳು ತುಪ್ಪಕ್ಕೆ ಕೈ ಹಿಡಿದಿಲ್ಲ. ಹೋದ ವರ್ಷ ನಾಯಿ ತಿಂತು, ಆಯಿತು, ಒಪ್ಪಿದೆವು. ಈ ವರ್ಷವೂ ನಾಯಿ ತಿಂದರೆ ಮುಂದಿನ ವರ್ಷ ನಾವು ಮೂವರೇ ಹತ್ತುತ್ತೇವೆ.”

ಎಲ್ಲರೂ ನಕ್ಕರು. ವರ್ತಕನೂ ನಕ್ಕ. ಆದರೆ ಆ ಮಾತು ಅವನ ಎದೆಯಲ್ಲಿ ಇಳಿದು ಕೂತಿತು.

ಹತ್ತತೊಡಗಿದರು. ಮೂವರು ಮುಂದೆ ಹೋದರು. ವರ್ತಕ ಏದುಸಿರು ಬಿಡುತ್ತ ಹಿಂದೆ ಬಂದ. ನಾಯಿಗಳೆರಡೂ ಅವನ ಬೆನ್ನಿಗೇ ಇದ್ದವು. ಗಂಟಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಬಿಸಿಲೇರಿದಂತೆ ವಾಸನೆಯೂ ಏರಿತು.

“ಬೆಲ್ಲಾ, ನೀನು ಮುಂದೆ ಹೋಗಪ್ಪ,” ಎಂದ ವರ್ತಕ. “ನಿನ್ನ ಜೊಲ್ಲು ನೋಡಿದರೆ ನನಗೂ ಸುರಿಯುತ್ತದೆ.”

ಅವನೇನು ವಿರಕ್ತನಲ್ಲ. ಗಂಟಿನ ಮೇಲೆ ಕೈಯಾಡಿಸಿ, ಒಳಗೆ ಹೋಳಿಗೆ ಎಷ್ಟಿವೆ, ಎಷ್ಟು ದಪ್ಪ ಇವೆ ಎಂಬುದನ್ನೆಲ್ಲ ಆಗಲೇ ಅಂದಾಜು ಮಾಡಿಕೊಂಡಿದ್ದ. ಅಂಚಿನದೊಂದು ಸ್ವಲ್ಪ ಮುರಿದಿದೆ ಎಂಬುದೂ ಬೆರಳಿಗೆ ತಿಳಿದಿತ್ತು. ಮುರಿದದ್ದನ್ನು ತಿಂದರೆ ತಪ್ಪೇ ಎಂದು ಒಂದು ತಿರುವಿನಲ್ಲಿ ಯೋಚಿಸಿದ. ಮುಂದಿನ ತಿರುವಿನಲ್ಲಿ ತಪ್ಪು ಎಂದು ತೀರ್ಮಾನಿಸಿದ. ಅದರ ಮುಂದಿನ ತಿರುವಿನಲ್ಲಿ ಮತ್ತೆ ಯೋಚಿಸಿದ. ಹೀಗೇ ಅರ್ಧ ಬೆಟ್ಟ ಹತ್ತಿದ.

ಇದ್ದಕ್ಕಿದ್ದಂತೆ ನಾಯಿಗಳೆರಡೂ ಮೂಗೆತ್ತಿ ನಿಂತವು. ಮರುಗಳಿಗೆ ಅವನನ್ನು ಬಿಟ್ಟು ಮೇಲಕ್ಕೆ ಓಡಿದವು. ವರ್ತಕನಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಬೆಲ್ಲ ಬಾಲ ಅಲ್ಲಾಡಿಸುತ್ತ ಇಳಿದು ಬಂತು. ಅದರ ಮೂತಿಯ ಮೇಲೆ ಕೆಂಪು ಪುಡಿ ಅಂಟಿತ್ತು. ವರ್ತಕ ಬೆರಳಿನಿಂದ ಒರೆಸಿ ಮೂಸಿದ. ಶೇಂಗಾ ಚಟ್ನಿಪುಡಿ, ಬೆಳ್ಳುಳ್ಳಿ ಮುಂದಾಗಿ. ಅಷ್ಟು ಬೆಳ್ಳುಳ್ಳಿ ಹಾಕುವವರು ಊರಿನಲ್ಲಿ ಒಬ್ಬರೇ: ಅವನ ಹೆಂಡತಿ.

ಅವನು ನಾಯಿಯ ಮುಖ ನೋಡಿದ. ನಾಯಿ ಬೇರೆ ಕಡೆ ನೋಡಿತು.

ಬಂಡೆಯ ಸಂದಿನಲ್ಲಿ ಒಂದು ಒರತೆ ಇತ್ತು. ಪಕ್ಕದಲ್ಲಿ ನೆರಳು. ಅಲ್ಲಿ ಮೂವರೂ ಕಾಲು ಚಾಚಿ ಬಿದ್ದಿದ್ದರು. ಬುತ್ತಿ ಕಟ್ಟಿದ್ದ ಬಟ್ಟೆಯನ್ನು ರೈತ ಮಡಿಸಿ ತಲೆಯಡಿ ಇಟ್ಟುಕೊಂಡಿದ್ದ.

“ನಿನ್ನನ್ನು ಕಾದೂ ಕಾದೂ ಹಸಿವಾಯಿತು ಮಾರಾಯ,” ಎಂದ ರೈತ. “ರಾಶಿ ಮಾಡುವಾಗ ಹಕ್ಕಿಗೊಂದು ಪಾಲು ಬಿಡುವುದಿಲ್ಲವೇ? ಅಷ್ಟು ತೆಗೆದೆ.”

“ಉಳಿದದ್ದು?”

“ಹಕ್ಕಿಗಳು ಬಹಳ ಇದ್ದವು.”

“ನಾನು ಎಣ್ಣೆಗಾಯಿ ಹಳಸಿದೆಯೇನೋ ಎಂದು ನೋಡಿದೆ,” ಎಂದ ಕುಂಬಾರ. “ಮಡಕೆಯನ್ನು ಬಡಿದು ನೋಡದೆ ಕೊಡುವುದು ನನ್ನ ಅಭ್ಯಾಸವಲ್ಲ. ಹಳಸಿರಲಿಲ್ಲ. ಕೊನೇ ತುತ್ತಿನವರೆಗೂ ಹಳಸಿರಲಿಲ್ಲ.”

ಅಕ್ಕಸಾಲಿಗ ಎದ್ದು ಕೂತ. “ನನ್ನ ಹತ್ತಿರ ಉಂಡೆ ಇದ್ದವು. ನಾನು ಗುಲಗಂಜಿ ತೂಕದಷ್ಟೇ ಮುರಿದುಕೊಂಡೆ. ಮುರಿದದ್ದು ಗಿರಾಕಿಗೆ ಗೊತ್ತಾಗಬಾರದು ನೋಡು, ಅದು ನಮ್ಮ ಕಸುಬು.”

“ಈಗ ಉಂಡೆ ಎಲ್ಲಿ?”

“ಗೊತ್ತಾಗದ ಹಾಗೇ ಮುಗಿದವು.”

ವರ್ತಕನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಅವರೂ ನಕ್ಕರು. ನಗು ಇಳಿದ ಮೇಲೆ ಎಲ್ಲರ ಕಣ್ಣೂ ಅವನ ಮಡಿಲಿನ ಗಂಟಿನ ಮೇಲೆ ನಿಂತವು.

“ಇನ್ನೇನು, ಬಿಚ್ಚು,” ಎಂದ ರೈತ. “ನಿಯಮ ಮಾಡಿದವರು ನಾವು ನಾಲ್ವರು. ಮೂವರು ಮುರಿದಾಯಿತು. ಇನ್ನು ಅದು ನಿಯಮವೇ ಅಲ್ಲ.”

“ತುದಿಯಲ್ಲಿ ಬಿಚ್ಚೋಣ,” ಎಂದ ವರ್ತಕ. “ಇದು ನನ್ನದಲ್ಲ.”

“ನನ್ನದು ತಾನೇ?” ಎಂದ ಅಕ್ಕಸಾಲಿಗ. “ನಾನೇ ಹೇಳುತ್ತಿದ್ದೇನೆ. ಬಿಚ್ಚು.”

ವರ್ತಕ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನ ಬುತ್ತಿ ರೈತನ ಹೊಟ್ಟೆಯಲ್ಲೂ ಬೆಲ್ಲನ ಹೊಟ್ಟೆಯಲ್ಲೂ ಇತ್ತು. ಗಂಟಿನ ಮೇಲೆ ಕೈಯಿಟ್ಟ. ಬೆರಳಿಗೆ ಆ ಮುರಿದ ಹೋಳಿಗೆ ಸಿಕ್ಕಿತು. ಕೈ ತೆಗೆದ.

“ಆಚಾರಿ, ಇದು ನಿನ್ನದೂ ಅಲ್ಲ,” ಎಂದ. “ಬೆಳಿಗ್ಗೆ ಕೆಳಗೆ ನನ್ನ ಕೈಗೆ ಕೊಟ್ಟೆಯಲ್ಲ, ಆಗಲೇ ಇದು ತುದಿಯದಾಯಿತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗುತ್ತಿದ್ದ ಮುಖಗಳು ಸ್ವಲ್ಪ ಬಿಗಿದವು. ಎಲ್ಲರೂ ಬಿದ್ದ ಹಳ್ಳದ ದಡದಲ್ಲಿ ಒಬ್ಬ ಒಣಬಟ್ಟೆಯಲ್ಲಿ ನಿಂತಿದ್ದರೆ ಬಿದ್ದವರಿಗೆ ಚಳಿ ಹೆಚ್ಚು.

“ಹಾಗೋ,” ಎಂದ ರೈತ. “ಹಾಗಾದರೆ ಮುಂದಿನ ವರ್ಷ ತುದಿಯ ಜೊತೆಗೇ ಬಾ. ನಮ್ಮ ಜೊತೆ ಯಾಕೆ?”

ಬೆಳಿಗ್ಗೆ ಬಿಚ್ಚಿದರೆ ಬರಬೇಡ ಎಂದಿದ್ದರು. ಈಗ ಬಿಚ್ಚದಿದ್ದರೆ ಬರಬೇಡ ಎನ್ನುತ್ತಿದ್ದರು. ಹೇಗೆ ಲೆಕ್ಕ ಹಾಕಿದರೂ ವರ್ತಕನಿಗೆ ನಷ್ಟವೇ. ಅವನು ಒರತೆಯ ನೀರನ್ನು ಬೊಗಸೆ ತುಂಬ ಕುಡಿದ. ಗಂಟನ್ನು ಹೆಗಲಿಗೇರಿಸಿದ. ಅಲ್ಲಿ ಇನ್ನೊಂದು ಗಳಿಗೆ ಕೂತರೆ ಬಿಚ್ಚುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎದ್ದ. ನಾಯಿಗಳು ಮೂವರ ಖಾಲಿ ಕೈಗಳನ್ನು ಮೂಸಿ ನೋಡಿದವು. ಆಮೇಲೆ ವರ್ತಕನ ಹಿಂದೆ ಹೊರಟವು.

ಆ ವರ್ಷ ತುದಿಯನ್ನು ಮೊದಲು ಮುಟ್ಟಿದವನು ವರ್ತಕ. ಅಂಥದು ಹಿಂದೆಂದೂ ನಡೆದಿರಲಿಲ್ಲ.

ಉಂಡವರಿಗೆ ನೆರಳಿನಲ್ಲಿ ಜೊಂಪು ಹತ್ತಿತು. ಎಚ್ಚರವಾದಾಗ ಹೊತ್ತು ವಾಲಿತ್ತು. ಗಡಿಬಿಡಿಯಿಂದ ಎದ್ದು ಹತ್ತಿದರು. ಕೊನೆಯ ಏರು ಕಡಿದು. ಬೆಟ್ಟದ ಗಾಳಿ ಕಲ್ಲನ್ನೂ ಅರಗಿಸುತ್ತದೆ. ತುದಿ ಮುಟ್ಟುವಾಗ ಮೂವರಿಗೂ ಬೆಳಗಿನಿಂದ ಉಪವಾಸವಿದ್ದವರಂತೆ ಹಸಿವು.

ವರ್ತಕ ಬಂಡೆಯ ಮೇಲೆ ಕೂತಿದ್ದ. ಗಂಟು ಮಡಿಲಲ್ಲಿತ್ತು. ಅದರ ಒಂದು ಕಡೆ ದಫೇದಾರ, ಇನ್ನೊಂದು ಕಡೆ ಬೆಲ್ಲ. ಅವನ ಕಣ್ಣೂ ನಾಯಿಗಳ ಕಣ್ಣೂ ಗಂಟಿನ ಮೇಲೆ. ಗಂಟು ಕಟ್ಟಿದ ಹಾಗೇ ಇತ್ತು.

“ಬಂದಿರಾ,” ಎಂದ ವರ್ತಕ. “ಇನ್ನು ಸ್ವಲ್ಪ ತಡವಾಗಿದ್ದರೆ ನಾಯಿ ತಿನ್ನುತ್ತಿತ್ತು. ಯಾವ ನಾಯಿ ಎಂದು ಕೇಳಬೇಡಿ.”

ಗಂಟನ್ನು ಅಕ್ಕಸಾಲಿಗನ ಕೈಗೆ ಕೊಟ್ಟ. “ತೂಕ ನೋಡಿಕೋ.”

ಅಕ್ಕಸಾಲಿಗ ಅಂಗೈಯಲ್ಲಿಟ್ಟು ನೋಡಿದ. ಕೈಯ ತೂಕ ತಪ್ಪುವವನಲ್ಲ. ಒಂದು ಗುಲಗಂಜಿಯೂ ಹೋಗಿರಲಿಲ್ಲ. ಗಂಟನ್ನು ಬಿಚ್ಚಿ, ಹಾಗೇ ವರ್ತಕನ ಮುಂದೆ ಇಟ್ಟ.

“ನೀನು ಉಣ್ಣು ಶೆಟ್ಟಿ,” ಎಂದ ರೈತ, ನೆಲ ನೋಡುತ್ತ. “ನಾವು ಆಗಲೇ ಉಂಡವರು.”

ವರ್ತಕ ಹೋಳಿಗೆಯನ್ನು ನೋಡಿದ. ಬೆಳಗಿನಿಂದ ನೋಡಬೇಕೆಂದಿದ್ದವನು, ಕಣ್ತುಂಬ ನೋಡಿದ. ಆದರೂ ಮುಟ್ಟಲಿಲ್ಲ.

“ಒಬ್ಬನೇ ಉಣ್ಣುವುದಾಗಿದ್ದರೆ ಒರತೆಯ ಹತ್ತಿರವೇ ಉಣ್ಣುತ್ತಿದ್ದೆ,” ಎಂದ. “ಅಲ್ಲಿ ನೀರಾದರೂ ಇತ್ತು.”

ಎದ್ದು ಹೋಗಿ ಮುತ್ತುಗದ ಎಲೆ ಕಿತ್ತು ತಂದ. ಪಂಚೆಯ ತುದಿಯಿಂದ ಒರೆಸಿ ಬಂಡೆಯ ಮೇಲೆ ಒಂದೊಂದಾಗಿ ಹಾಸಿದ. ರೈತನಿಗೊಂದು, ಕುಂಬಾರನಿಗೊಂದು, ಅಕ್ಕಸಾಲಿಗನಿಗೊಂದು, ತನಗೊಂದು. ಹೋಳಿಗೆಗಳನ್ನು ಸಮನಾಗಿ ಬಡಿಸಿದ. ಆ ಮುರಿದದ್ದನ್ನು ಎರಡು ಮಾಡಿ ನಾಯಿಗಳ ಮುಂದೆ ಇಟ್ಟ. ಆಮೇಲೆ ತನ್ನ ಎಲೆಯ ಮುಂದೆ ಕೂತ; ಮೂವರೂ ಮೊದಲ ತುತ್ತು ಎತ್ತುವವರೆಗೆ ಕಾದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ನಗು ಇನ್ನೂ ಇತ್ತು. ಹೊರಗೆ ಅರವಟ್ಟಿಗೆಯ ಬಳಿ, ಭಿಕ್ಷೆ ಮುಗಿಸಿ ಬಂದವರು ನೀರು ಮೊಗೆದುಕೊಳ್ಳುತ್ತಿದ್ದ ಸದ್ದು ಕೇಳಿಸಿತು.

“ಯಾರಿಗಾಗಿ ಎಂದು ಕೇಳಿದೆಯಲ್ಲ,” ಎಂದರು ಗುರುಗಳು. “ಮುರಿದವರಿಗಾಗಿ.”

ಶಿಷ್ಯ ಎದ್ದ. ಪಕ್ಕದಲ್ಲಿದ್ದ ಖಾಲಿ ಕೊಡವನ್ನು ಎತ್ತಿಕೊಂಡು ಹೊಳೆಯ ಕಡೆ ನಡೆದ.